ಶತ್ರುಗಳಿಲ್ಲದ ಮೆಂಗಾರ್ದ

ಊರಿಗೆಲ್ಲ ರೊಟ್ಟಿ ಸುಡುವ ದೊಡ್ಡ ಒಲೆ ಮೆಂಗಾರ್ದಳ ಕೈಯಲ್ಲಿತ್ತು. ಪಿರನಿ ಬೆಟ್ಟದ ನಮ್ಮ ಊರುಗಳಲ್ಲಿ ಮನೆಗೊಂದು ಒಲೆ ಕಟ್ಟಿಕೊಳ್ಳುವ ಹಾಗಿಲ್ಲ, ದೊರೆಯ ಒಲೆಯೊಂದೇ ಗತಿ. ಬೆಳಗಾಗುತ್ತಲೇ ಅವಳು ಕೇರಿ ಸುತ್ತಿ ಎಲ್ಲರ ಮನೆಯ ಹಿಟ್ಟಿನ ಮುದ್ದೆ ಎತ್ತಿಕೊಂಡು ಬರುತ್ತಿದ್ದಳು. ಯಾರ ಮನೆಯಲ್ಲಿ ಗೋದಿ ಮುಗಿದು ಓಟ್ಸ್ ಬೆರೆಸಿದ್ದಾರೆ, ಯಾರ ಮನೆಯಲ್ಲಿ ಅತ್ತೆ ಸೊಸೆಯರು ಬೇರೆ ಬೇರೆ ನಾದುತ್ತಿದ್ದಾರೆ ಎಂಬುದೆಲ್ಲ ಅವಳಿಗೆ ಗೊತ್ತು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಮುಟ್ಟಿಸಿದವಳಲ್ಲ. ಹಿಟ್ಟು ಕಡಿಮೆ ಬಿದ್ದವರ ಮುದ್ದೆಗೆ ತನ್ನ ಪಾಲಿನಿಂದ ಒಂದು ಚೂರು ಮುರಿದು ಸೇರಿಸುತ್ತಿದ್ದಳು, ಅದನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು ಅಲಜಾಯಿಸ್. ಅವಳನ್ನು ಅದೇ ಕೇರಿಯ ಕುರಿಗಾಹಿಗೆ ಕೊಟ್ಟಿದ್ದಳು, ಈಗ ಬಸುರಿ.

ಇಂಥವಳನ್ನು ಹಿಡಿದರು. ಪಾಷಂಡಿಗಳನ್ನು ಹುಡುಕುತ್ತ ತುಲೂಸ್ ಪಟ್ಟಣದಿಂದ ಚರ್ಚಿನ ಒಬ್ಬ ಗುರು ಬಂದು ಕೋಟೆಯಲ್ಲಿ ಬೀಡುಬಿಟ್ಟಿದ್ದ. ಚರ್ಚನ್ನು ಬಿಟ್ಟು ತಮ್ಮದೇ ದಾರಿ ಹಿಡಿದ ಸಾಧುಗಳು ಬೆಟ್ಟದಲ್ಲಿ ಅಡಗಿ ತಿರುಗುತ್ತಿದ್ದ ಕಾಲ ಅದು. ನಾವು ಅವರನ್ನು ಒಳ್ಳೆಯವರು ಎನ್ನುತ್ತಿದ್ದೆವು. ಗುರುವಿನ ಬಾಯಲ್ಲಿ ಅವರು ಪಾಷಂಡಿಗಳು. ಅವರಿಗೆ ಅನ್ನ ಹಾಕಿದವರೂ ಪಾಷಂಡಿಗಳೇ. ತಾವಾಗಿಯೇ ಬಂದು ಕಂಡದ್ದನ್ನೆಲ್ಲ ಹೇಳಿದವರಿಗೆ ಕ್ಷಮೆ, ಮುಚ್ಚಿಟ್ಟವರಿಗೆ ಗೋಡೆ ಎಂದು ಡಂಗುರ ಸಾರಿದ್ದರು. ಗೋಡೆ ಎಂದರೆ ಸೆರೆಮನೆ. ಒಳಗೆ ಹೋದವರನ್ನು ಆಮೇಲೆ ನೋಡಿದವರಿಲ್ಲ.

ದೂರು ಕೊಟ್ಟವರು ಯಾರೆಂದು ಆರೋಪಿಗೆ ತಿಳಿಸುವುದಿಲ್ಲ. ಆದರೆ ಒಂದು ಕಿಂಡಿ ಬಿಟ್ಟಿದ್ದರು. ನಿನಗೆ ಯಾರು ಯಾರು ಶತ್ರುಗಳು, ಯಾಕೆ ಹಗೆ ಎಂದು ನೀನೇ ಹೇಳಬೇಕು. ದೂರು ಕೊಟ್ಟವನ ಹೆಸರು ಅದರಲ್ಲಿ ಬಂತೋ, ಅವನ ಸಾಕ್ಷಿ ಬಿದ್ದುಹೋಯಿತು, ನೀನು ಮನೆಗೆ ಹೋಗಬಹುದು. ಈ ಕಾನೂನು ಮಾಡಿದ ಪುಣ್ಯಾತ್ಮ ಜಗಳಗಂಟರ ಪಕ್ಷದವನೇ ಇರಬೇಕು. ಪಕ್ಕದ ಮನೆಯ ಸಿಬಿಲ್ಯಳನ್ನು ಹಿಡಿದಾಗ ಅವಳು ಕೇರಿಯ ಆ ತುದಿಯಿಂದ ಶುರುಮಾಡಿ ಈ ತುದಿಯವರೆಗೆ ಒಬ್ಬರನ್ನೂ ಬಿಡದೆ ಹೇಳಿದ್ದಳು. ಕೋಳಿ ಕದ್ದವರು, ಕಣ್ಣು ಹಾಕಿದವರು, ಸತ್ತ ಗಂಡನನ್ನು ಹಂಗಿಸಿದವರು. ಬರೆಯುವವನ ಕೈ ಸೋತುಹೋಯಿತು. ಎಲ್ಲೋ ಒಂದು ಹೆಸರು ತಾಗಿರಬೇಕು, ಅವತ್ತೇ ಬಿಟ್ಟು ಕಳಿಸಿದರು.

ಆ ಸಿಬಿಲ್ಯಳೇ ವಿಚಾರಣೆಯ ಹಿಂದಿನ ದಿನ, ಮೆಂಗಾರ್ದಳನ್ನು ಕೂಡಿಹಾಕಿದ್ದ ಕೋಟೆಯ ನೆಲಮಾಳಿಗೆಯ ಕಿಂಡಿಯ ಹತ್ತಿರ ಬಂದು ಕೂತಳು.

"ಏನೇ ಮೆಂಗಾರ್ದ, ಹೆಸರುಗಳನ್ನ ಜೋಡಿಸ್ಕೊಂಡ್ಯಾ?"

"ಯಾರ ಹೆಸರು ಹೇಳ್ಲಿ ಸಿಬಿಲ್ಯಕ್ಕ? ಎಲ್ರೂ ಬೇಕಾದವ್ರೇ."

"ಬೇಕಾದವ್ರನ್ನ ಕಟ್ಕೊಂಡು ಸಾಯ್ತೀಯಾ? ಮೊದ್ಲು ನನ್ನ ಹೆಸರು ಹೇಳು. ಕೂದಲು ಹಿಡಿದು ಎಳೆದಿದ್ಲು ಅನ್ನು."

"ನೀನ್ಯಾವಾಗ ಎಳೆದೆ?"

"ಈಗ ಎಳೀತೀನಿ, ತಲೆ ಇತ್ತ ಕೊಡು."

ಇಬ್ಬರೂ ನಕ್ಕರು. ಆಮೇಲೆ ಸಿಬಿಲ್ಯ ತಲೆಬಟ್ಟೆಯ ತುದಿಯಲ್ಲಿ ಮೂಗು ಒರೆಸಿಕೊಂಡಳು. "ತಮಾಷೆ ಅಲ್ಲ ಕಣೇ. ಯಾರನ್ನೂ ಬಿಡಬೇಡ. ನಾವ್ಯಾರೂ ಬೇಜಾರು ಮಾಡ್ಕೊಳಲ್ಲ."

ಮಾರನೆಯ ದಿನ ಗುರುವಿನ ಮುಂದೆ ಮೆಂಗಾರ್ದ ಕೈಲಾದಷ್ಟು ಪ್ರಯತ್ನಪಟ್ಟಳು.

"ಗಿರಣಿಯ ಅಜೇಮನಿಗೂ ನನಗೂ ಆಗಲ್ಲ ಸ್ವಾಮಿ."

"ಯಾಕೆ?"

"ಒಂದ್ಸಲ ಅವನ ರೊಟ್ಟಿ ಸೀದುಹೋಯ್ತು."

"ಆಮೇಲೆ?"

"ನನ್ನ ರೊಟ್ಟಿ ಅವನಿಗೆ ಕೊಟ್ಟೆ."

"ಅವನು ಏನಂದ?"

ಮೆಂಗಾರ್ದಳಿಗೆ ಸುಳ್ಳು ಹೊಳೆಯಲಿಲ್ಲ. "ಇದೇ ಚೆನ್ನಾಗಿದೆ, ದಿನಾ ಸೀಯಿಸು ಅಂದ."

ಬರೆಯುವವನು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದ. ಸಿಬಿಲ್ಯ ತನ್ನ ಕೂದಲು ಎಳೆದಳೆಂದೂ ಮೆಂಗಾರ್ದ ಹೇಳಿ ನೋಡಿದಳು. ಯಾವಾಗ ಎಂದು ಕೇಳಿದ್ದಕ್ಕೆ ಮುಖ ಕೆಂಪಾಗಿ, "ಎಳೀತೀನಿ ಅಂದಿದ್ಲು" ಎಂದಳು. ಹುಟ್ಟಿದಾಗಿನಿಂದ ಎಲ್ಲರ ಜೊತೆ ಹೊಂದಿಕೊಂಡು ಬಾಳಿದವಳಿಗೆ ಜಗಳ ಕಟ್ಟಲು ಬರಬೇಕಲ್ಲ. ಗುರು ಕೆಟ್ಟವನಾಗಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಅವನು ಸಮಾಧಾನದಿಂದ ಕೇಳಿದ, ನೀರು ಕೊಡಿಸಿದ, ಕಾನೂನು ಒಂದು ಕೂದಲಿನಷ್ಟೂ ತಪ್ಪದಂತೆ ನಡೆದುಕೊಂಡ.

ಕೊನೆಗೆ ಆರೋಪ ಓದಿಸಿದ. ಹಿಮ ಬಿದ್ದ ದಿನ ಮೆಂಗಾರ್ದ ಒಬ್ಬ ಪಾಷಂಡಿಯನ್ನು ಹಿಟ್ಟು ನಾದುವ ಕೋಣೆಯಲ್ಲಿ ಅಡಗಿಸಿದ್ದಳು, ಬಗ್ಗಿ ನಮಸ್ಕರಿಸಿದ್ದಳು, ಯಾರೂ ಬರದಂತೆ ಬಾಗಿಲಿಗೆ ಹಿಟ್ಟಿನ ಮೂಟೆ ಅಡ್ಡ ಇಟ್ಟಿದ್ದಳು.

ಮೂಟೆಯ ಮಾತು ಕಿವಿಗೆ ಬಿದ್ದದ್ದೇ ತಡ, ಮೆಂಗಾರ್ದ ಥಟ್ಟನೆ ತಲೆಯೆತ್ತಿದಳು. ಆ ಮೂಟೆಯನ್ನು ಒಬ್ಬಳೇ ಎಳೆಯಲಾಗದೆ ಇನ್ನೊಂದು ತುದಿ ಹಿಡಿಸಿಕೊಂಡಿದ್ದಳು. ಹಿಡಿದವಳು ಅಲಜಾಯಿಸ್. ಆ ಸಾಧುವನ್ನು ಬಿಟ್ಟರೆ ಒಳಗೆ ಬೇರೆ ಯಾರೂ ಇರಲಿಲ್ಲ.

ಅವಳಿಗೆ ಮಗಳ ಮೇಲೆ ಕೋಪ ಬರಲಿಲ್ಲ. ಬಸುರಿ ಹುಡುಗಿ, ಗೋಡೆಗೆ ಹೆದರಿತು. ಹೇಳಿಬಿಟ್ಟರೆ ಅಮ್ಮನಿಗೂ ಕ್ಷಮೆ ಸಿಗುತ್ತದೆಂದು ಯಾರೋ ನಂಬಿಸಿರಬೇಕು. ಈಗ ಒಂದೇ ಒಂದು ಹೆಸರು ಹೇಳಿದರೆ ಮೆಂಗಾರ್ದ ಸಂಜೆಗೆ ಒಲೆಯ ಮುಂದೆ ಇರಬಹುದು. ಆದರೆ ಹಗೆಯಿಂದ ಸುಳ್ಳು ಸಾಕ್ಷಿ ಹೇಳಿದರೆಂದು ಸಿಕ್ಕಿಬಿದ್ದವರ ಪಾಡು ಏನಾಗುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳು. ಎದೆಗೂ ಬೆನ್ನಿಗೂ ಕೆಂಪು ಬಟ್ಟೆಯ ನಾಲಿಗೆ ಹೊಲಿದು, ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಆಮೇಲೆ ಅದೇ ಗೋಡೆಯೊಳಕ್ಕೆ ತಳ್ಳುತ್ತಾರೆ. ಮಗು ಎಲ್ಲಿ ಹುಟ್ಟಬೇಕು?

"ಇನ್ನು ಯಾರಾದರೂ ಇದ್ದಾರೆಯೇ?" ಗುರು ಕೇಳಿದ.

"ಇಲ್ಲ ಸ್ವಾಮಿ."

"ಯೋಚಿಸಿ ಹೇಳು. ನಿನ್ನ ಮನೆಯವರಲ್ಲಿ?"

ಅವನು ಕೇಳಿದ ರೀತಿಯಲ್ಲೇ ಸುಳಿವಿತ್ತು. ಪಾಪ, ಕಾನೂನಿನ ಅಂಚಿನವರೆಗೂ ಬಂದು ಬಾಗಿಲು ತೆರೆದು ಹಿಡಿದಿದ್ದ. ಗೋಡೆಯ ಹೆದರಿಕೆ ಅವಳಿಗೇನು ಕಡಿಮೆಯೇ?

"ಮನೆಯವರು ಅಂದ್ರೆ ಮಗಳೊಬ್ಳೇ ಸ್ವಾಮಿ. ನಾನಂದ್ರೆ ಅವಳಿಗೆ ಪ್ರಾಣ."

"ನಿನ್ನ ಮೇಲೆ ಅವಳಿಗೆ ಹಗೆಯಿಲ್ಲ ಎಂದು ಹೇಳುತ್ತೀಯಾ?"

"ಒಂದಿನಾನೂ ಎದುರುತ್ತರ ಕೊಟ್ಟವಳಲ್ಲ."

ಗುರು ಕಣ್ಣು ಮುಚ್ಚಿಕೊಂಡ. ಬರೆದುಕೋ ಎಂದ. ಸಾಕ್ಷಿ ನಿಜವೆಂದು ಅವಳ ಬಾಯಿಂದಲೇ ಗಟ್ಟಿಯಾಯಿತು.

ಹೊರಗೆ ಅಂಗಳದಲ್ಲಿ ಅಲಜಾಯಿಸ್ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಮೆಂಗಾರ್ದಳನ್ನು ಗೋಡೆಗೆ ಒಯ್ಯುತ್ತಿದ್ದ ಕಾವಲಿನವನು ಒಂದು ಗಳಿಗೆ ನಿಲ್ಲಲು ಬಿಟ್ಟ.

"ಏನು ಕೇಳಿದ್ರಮ್ಮ?"

"ಯಾರ ಜೊತೆಗಾದ್ರೂ ಜಗಳ ಇದೆಯಾ ಅಂದ್ರು. ಇಲ್ಲ ಅಂದೆ."

"ಯಾರ ಹೆಸರೂ ಹೇಳ್ಲಿಲ್ವಾ?"

"ಯಾರದು ಹೇಳ್ಲಿ ಮಗಾ?"

ಅಲಜಾಯಿಸ್ ತಾಯಿಯ ಮುಖ ನೋಡಿದಳು. ತಾಯಿಗೆ ತಿಳಿದಿದೆಯೆಂದು ಅವಳಿಗೆ ತಿಳಿಯಿತು. ನಿಂತಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮೆಂಗಾರ್ದ ಬಗ್ಗಿ ಅವಳ ಕಣ್ಣೊರೆಸಬೇಕೆಂದು ಹೋದಳು. ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು.