ತಾರಸಿಯ ಜಲ್ಲಿಯಲ್ಲಿ ನಾಲ್ಕು ಮೊಟ್ಟೆ

ಗಂಡನಿಗೆ ವಡೋದರಾಕ್ಕೆ ವರ್ಗವಾಗಿ, ಮೂರಂತಸ್ತಿನ ಕಟ್ಟಡದ ಮೇಲಿನ ಮನೆಗೆ ನಾವು ಬಂದು ಆಗ ಒಂದು ವರ್ಷವಾಗಿತ್ತು. ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಗುಜರಾತಿ ಅಜ್ಜಿಯೊಬ್ಬರಿದ್ದರು. ಎಲ್ಲರಂತೆ ನಾನೂ ಅವರನ್ನು 'ಬಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದೆ. ನಮ್ಮಿಬ್ಬರ ಮಾತು ಹರಕು ಹಿಂದಿಯಲ್ಲಿ. ನನ್ನನ್ನು ಮಾತ್ರ ಅವರು ಗುಜರಾತಿಯಲ್ಲಿ 'ದೀಕರಿ', ಮಗಳೇ, ಎನ್ನುವರು.

ಏಪ್ರಿಲ್ ಬಂತೆಂದರೆ ಬಾ ಆಲೂಗಡ್ಡೆಯ ಬಿಲ್ಲೆಗಳನ್ನು ಅರೆಬೇಯಿಸಿ ತಾರಸಿಯ ಮೇಲೆ ಒಣಹಾಕುತ್ತಿದ್ದರು. ಆ ದಿನ ಬುಟ್ಟಿ ಹೊತ್ತು ಮೇಲೆ ಹೋದವರು ಕೂಗುತ್ತ ಇಳಿದು ಬಂದರು.

"ದೀಕರಿ, ಹಕ್ಕಿ ನನ್ನ ತಲೆ ಕುಕ್ಕೋಕೆ ಬಂತು!"

ನಾನೂ ಎಂಟು ವರ್ಷದ ಮಗಳೂ ಮೆಟ್ಟಿಲ ಬಾಗಿಲಿನಿಂದ ಇಣುಕಿದೆವು. ಹಕ್ಕಿಯ ಕಣ್ಣಿನ ಮುಂದೆ ಕೆಂಪು ತೊಗಲು, ಉದ್ದನೆಯ ಹಳದಿ ಕಾಲು. ಟಿಟ್ಟಿಭ! ಇಲ್ಲಿಯವರ ಟಿಟೋಡಿ. ತಾರಸಿಯ ರಿಪೇರಿಯಲ್ಲಿ ಉಳಿದಿದ್ದ ಜಲ್ಲಿಯ ನಡುವೆ ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಗೂಡೆನ್ನಲು ಒಂದು ಕಡ್ಡಿಯೂ ಇರಲಿಲ್ಲ.

ಬಾ ಸುದ್ದಿ ಕೇಳಿ ಕೋಪ ಮರೆತರು. "ಟಿಟೋಡಿ ಎತ್ತರದಲ್ಲಿ ಮೊಟ್ಟೆ ಇಟ್ಟರೆ ಮಳೆ ಚೆನ್ನಾಗಿ ಆಗುತ್ತೆ. ಇರಲಿ ಬಿಡು." ಬುಟ್ಟಿಯನ್ನು ತಮ್ಮ ಪುಟ್ಟ ಬಾಲ್ಕನಿಗೆ ಒಯ್ದರು. ಬಿಲ್ಲೆಗಳು ಅಲ್ಲಿ ಸರಿಯಾಗಿ ಒಣಗಲಿಲ್ಲ, ಅರ್ಧಕ್ಕರ್ಧ ಕಪ್ಪಾದವು. ಅದನ್ನು ಅವರು ಎರಡು ದಿನ ಗೊಣಗಿದರು, ಅಷ್ಟೇ.

ಜೋಡಿ ಸರದಿಯ ಮೇಲೆ ಕಾವು ಕೊಡುತ್ತಿತ್ತು. ಕಾವು ಎಂದರೆ ತಪ್ಪಾದೀತು, ನಡುಹಗಲಿನಲ್ಲಿ ಅವು ಮಾಡುತ್ತಿದ್ದದ್ದು ನೆರಳು. ಕೊಕ್ಕು ತೆರೆದು ಏದುಸಿರು ಬಿಡುತ್ತ ಮೊಟ್ಟೆಗಳ ಮೇಲೆ ನಿಂತೇ ಇರುವವು. ನೀರಿನ ಟ್ಯಾಂಕಿನ ಕೆಳಗೆ ಸೋರಿ ನಿಂತ ನೀರಿನಲ್ಲಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುವವು. ಸೋರುವ ನಲ್ಲಿ ಸರಿಮಾಡಲು ಬಂದ ಪ್ಲಂಬರನನ್ನು ನಾನೇ ವಾಪಸು ಕಳಿಸಿದೆ.

ಸುಮಾರು ನಾಲ್ಕು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮಗಳು ಓಡಿ ಬಂದಳು. "ಮಮ್ಮಿ, ಬಚ್ಚೇ ಆ ಗಯೇ! ಮೂರು!"

"ಸುಮ್ಮ ನಿಲ್ಲು, ಅಂಜಿಸಬ್ಯಾಡ," ಎಂದೆ. ನನ್ನ ಧಾರವಾಡದ ಮಾತು ಅವಳಿಗೆ ಎಷ್ಟು ತಿಳಿಯಿತೋ, ನಿಂತಳು. ಹತ್ತಿಯುಂಡೆಗೆ ಕಡ್ಡಿಕಾಲು ಸಿಕ್ಕಿಸಿದಂಥ ಮೂರು ಮರಿಗಳು ಆಗಲೇ ಓಡಾಡುತ್ತಿದ್ದವು. ನಾಲ್ಕನೆಯ ಮೊಟ್ಟೆ ಒಡೆಯಲೇ ಇಲ್ಲ.

ತಾರಸಿಯಲ್ಲಿ ಮರಿಗಳಿಗೆ ತಿನ್ನಲು ಏನಿದೆ? ಮಧ್ಯಾಹ್ನದ ಹೊತ್ತಿಗೆ ತಾಯಿಹಕ್ಕಿ ಕಟ್ಟಡದ ಹಿಂದಿನ ಖಾಲಿ ಸೈಟಿಗಿಳಿದು ಮರಿಗಳನ್ನು ಕರೆಯತೊಡಗಿತು. ಒಂದು ಮರಿ ಮಳೆನೀರು ಹೋಗುವ ಕಿಂಡಿಯಲ್ಲಿ ನುಸುಳಿ ಕೆಳಗೆ ಬಿದ್ದೇಬಿಟ್ಟಿತು. ಅದು ಹುಲ್ಲಿನಲ್ಲಿ ಒಂದು ಗಳಿಗೆ ಮಲಗಿದ್ದು, ಎದ್ದು ತಾಯಿಯತ್ತ ಓಡಿತು.

"ಇನ್ನೆರಡನ್ನು ಹಾಗೆ ಬೀಳಗೊಡಬೇಡ," ಎನ್ನುತ್ತ ಬಾ ಮಂಡಿನೋವು ಹೊತ್ತೇ ಮೇಲೆ ಬಂದರು. ತಲೆಯ ಮೇಲೆ ಸ್ಟೀಲಿನ ಪಾತ್ರೆ ಬೋರಲು ಹಾಕಿಕೊಂಡಿದ್ದರು! ಮಗಳು ಬಿದ್ದು ಬಿದ್ದು ನಕ್ಕಳು. ನಾನು ಕಿಂಡಿಗೆ ಬಟ್ಟೆ ತುರುಕಿದೆ. ಬಾ ಬಗ್ಗಿ ಮರಿಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದರು. ತಂದೆಹಕ್ಕಿ ಅರಚುತ್ತ ಆ ಪಾತ್ರೆಗೆ ರೆಕ್ಕೆ ಬಡಿದು ಹಾರುತ್ತಿತ್ತು. "ಬಯ್ಯಿ, ಎಷ್ಟಾದರೂ ಬಯ್ಯಿ, ನಿನ್ನ ಮಕ್ಕಳಲ್ಲವೇ," ಎಂದು ಬಾ ಅದಕ್ಕೇ ಸಮಾಧಾನ ಹೇಳಿದರು.

ಸೈಟಿನಲ್ಲಿ ಬುಟ್ಟಿ ಓರೆ ಮಾಡಿ ನಾವು ದೂರ ಸರಿದೆವು. ಮರಿಗಳು ಮೊದಲು ಅಲ್ಲಾಡಲಿಲ್ಲ. ತಾಯಿ ಎರಡು ಸಲ ಕರೆದ ಮೇಲೆ ಓಡಿಹೋಗಿ ಅದರ ರೆಕ್ಕೆಯ ಕೆಳಗೆ ಸೇರಿಕೊಂಡವು.

ಆಮೇಲೆ ಪ್ರತಿ ಸಂಜೆ ನಮ್ಮ ಬಾಲ್ಕನಿಯಿಂದ ಅವನ್ನು ನೋಡುವುದೇ ನಮ್ಮ ಕೆಲಸವಾಯಿತು. ನಾಯಿ ಬಂದರೆ ತಾಯಿ ಕೂಗುವುದು, ಮರಿಗಳು ಇದ್ದಲ್ಲೇ ನೆಲಕ್ಕಂಟಿ ಕಾಣದಾಗುವವು. ಹತ್ತನೆಯ ದಿನ ಎರಡೇ ಮರಿ ಕಂಡವು. ಉಳಿದ ಎರಡಕ್ಕೆ ಗರಿ ಬಂದು, ಜೂನ್ ಕೊನೆಯ ಒಂದು ಸಂಜೆ ಕಾಂಪೌಂಡು ಗೋಡೆ ದಾಟಿ ಹಾರಿದವು. ಮಗಳು ಬಾಲ್ಕನಿಯಿಂದಲೇ ಬಾಗಿ, ಎರಡೂ ಹಾರಿದವೆಂದು ಕೆಳಮನೆಯ ಬಾ ಅವರಿಗೆ ಕೂಗಿ ಹೇಳಿದಳು.