ಓದದೆ ದಾಟಿದ ಪುಟಗಳು

ನಾನು ಓದದೆ ದಾಟಿದ ಪುಟಗಳಿಗಾಗಿ ನೋವುಂಡವಳು ನಾನಲ್ಲ. ನೆರೆಮನೆಯ ಚಿಗವ್ವನ ಮಗಳು.

ಮೆಚ್ಚಿನ ಪುಸ್ತಕಗಳ ಬಗ್ಗೆ ಬರೆಯಲು ಕುಳಿತು, ಹದಿನಾರರ ಹರೆಯದಲ್ಲಿ ಬಹಳ ಪ್ರೀತಿಸಿದ್ದ ಕಾದಂಬರಿಯೊಂದನ್ನು ತೆರೆದೆ. ನಡುವೆ ಕೆಂಪು ರೇಷ್ಮೆಯ ಎಳೆಯೊಂದಿತ್ತು. ಚಿಗವ್ವ ಇಟ್ಟ ಗುರುತು...

ಇಳಕಲ್ಲಿನ ನಮ್ಮ ಓಣಿಯಲ್ಲಿ ಆಕೆ ಸೀರೆ ನೇಯುತ್ತಿದ್ದಳು. ಆಕೆಗೆ ಅಕ್ಷರ ಕಲಿಸದ ಸಮಾಜವೇ ನನಗೆ ಓದಿನ ಬಹುಮಾನ ಕೊಟ್ಟಿತ್ತು. ಸಂಜೆ ಮಗ್ಗದ ಪಕ್ಕ ಕುಳಿತು ಓದಿ ಹೇಳುತ್ತಿದ್ದೆ. “ಆ ಅತ್ತಿ ಇನ್ನೂ ಸತ್ತಿಲ್ಲೇನ? ಭಾಳ ಗಟ್ಟಿ ಜೀವ ಬಿಡವಾ!” ಎಂದು ಕಥೆಯ ಅತ್ತೆಯನ್ನು ಹಂಗಿಸಿ ನಗುತ್ತ ಆಕೆ ಲಾಳಿ ಎಸೆಯುತ್ತಿದ್ದಳು.

ಆ ವರ್ಷ ಆಕೆಯ ಮಗಳು ಗಂಡನ ಹೊಡೆತ ತಾಳದೆ ಹುನಗುಂದದಿಂದ ಬಂದಿದ್ದಳು. ಓಣಿಯ ಹಿರಿಯರು ಕಟ್ಟೆಯ ಮೇಲೆ ಕುಳಿತು, “ಹೊಂದ್ಕೊಂಡು ಹೋಗ್ಲಿ, ಕಳಸ್ರಿ” ಎಂದಿದ್ದರು. ಚಿಗವ್ವ ಇನ್ನೂ ತೀರ್ಮಾನಿಸಿರಲಿಲ್ಲ. ಕಾದಂಬರಿಯ ಸೊಸೆಯೂ ಆಗ ತವರಿನಲ್ಲಿದ್ದಳು. ಮುಂದೇನೆಂದು ಕೇಳಲು ತಾಯಿ, ಮಗಳು ಇಬ್ಬರೂ ಕಾಯುತ್ತಿದ್ದರು.

ಅಂದು ನನಗೆ ಬಾದಾಮಿಯ ಬಸ್ಸಿನ ಆತುರ. ಸೊಸೆ ಗಂಡನ ಮನೆಗೆ ಮರಳುವ ಪುಟ ಓದಿ, ಉಳಿದದ್ದನ್ನೆಲ್ಲ ದಾಟಿ, “ಮುಗೀತು ಚಿಗವ್ವಾ, ಚಂದಾಗಿ ಬಾಳೇವು ಮಾಡಿದ್ಲು” ಎಂದುಬಿಟ್ಟೆ.

ಲಾಳಿ ನಿಂತಿತು. “ನಡುವ ಎಳಿ ಹರದಂಗ ಐತಲ್ಲ... ಅಷ್ಟು ಹೊಡಿಯಾಂವ ಹೆಂಗ ಸುಮ್ಮನಾದ?”

“ಖರೇನ, ಪುಸ್ತಕದಾಗ ಹಂಗ ಐತಿ.”

ಆಕೆ ಎಳೆಯೊಂದನ್ನು ಪುಟದ ನಡುವೆ ಇಟ್ಟಳು. “ಬಂದ ಮ್ಯಾಲೆ ಇಲ್ಲಿಂದ ಇನ್ನೊಮ್ಮೆ ಓದಿ ಹೇಳವ್ವ.”

ದಾಟಿದ ಆ ಪುಟಗಳಲ್ಲಿ ಸೊಸೆ ಮತ್ತೆ ಹೊಡೆತ ತಿನ್ನುತ್ತಾಳೆ; ಹೊರಬಂದು ತನ್ನ ದುಡಿಮೆಯಲ್ಲಿ ಬದುಕುತ್ತಾಳೆ.

ನಾಲ್ಕು ದಿನಗಳ ಮೇಲೆ ನಾನು ಮರಳಿದಾಗ, ಹಿರಿಯರ ಮಾತನ್ನೂ ನಾನು ಹೇಳಿದ ಮುಕ್ತಾಯವನ್ನೂ ನಂಬಿ ಚಿಗವ್ವ ಮಗಳನ್ನು ಕಳಿಸಿಯಾಗಿತ್ತು. ವರ್ಷದೊಳಗೆ ಅವಳು ಮತ್ತೆ ತವರಿಗೆ ಬಂದಳು, ಮುರಿದು ಸೊಟ್ಟಗೆ ಕೂಡಿದ ಬಲ ಮಣಿಕಟ್ಟಿನೊಂದಿಗೆ. ಲಾಳಿ ಹಿಡಿಯಲಾರದ ಕೈ. ಚಿಗವ್ವ ನನ್ನನ್ನು ಬೈಯಲಿಲ್ಲ. ಓದಲು ಮತ್ತೆಂದೂ ಕರೆಯಲಿಲ್ಲ.

ಹೊಡೆದದ್ದು ಗಂಡನ ತಪ್ಪು. ಕಳಿಸೆಂದದ್ದು ಹಿರಿಯರ ತಪ್ಪು. ಸುಳ್ಳು ನನ್ನದು. ಹೆಣ್ಣಿನ ಹಕ್ಕಿನ ಬಗ್ಗೆ ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದವಳು ಇದನ್ನು ಮಾತ್ರ ಮುಚ್ಚಿಟ್ಟೆ. ಚಿಗವ್ವ ಈಗಿಲ್ಲ, ಆಕೆಯ ಕ್ಷಮೆ ಕೇಳುವ ದಾರಿಯೂ ಇಲ್ಲ...

ಮೊನ್ನೆ ಆಕೆಯ ಮಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸೊಟ್ಟ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಹೇಳಿದಳು: “ನೀ ಸುಳ್ಳು ಓದಿದಿ, ಖರೆ. ಆದ್ರ ಕಟ್ಟಿ ಮ್ಯಾಲೆ ಕುಂತಾವ್ರು ನನ್ನ ಒಂದು ಮಾತರ ಕೇಳಬೇಕಿತ್ತಲ್ಲ?”

ಓಣಿಯ ಹಿರಿಯರೇ, ನೀವು ಇಂದಿಗೂ ಅದೇ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುತ್ತೀರಿ. ಹೊಡೆತ ತಿಂದು ತವರಿಗೆ ಬಂದವಳನ್ನು ಮೊದಲು ಕೇಳಿ. ಅವಳು ಒಲ್ಲೆನೆಂದರೆ, ಕಳಿಸಿರೆಂದು ಯಾವ ತಾಯಿಗೂ ಹೇಳಬೇಡಿ.