ನಿನ್ನೆಗಿಂತ ಕಡಿಮೆ

ಕೋಲ್ಕತ್ತದ ಡಮ್ ಡಮ್‌ನ ಆ ಹೌಸಿಂಗ್ ಕಾಲೊನಿಯ ಗೇಟಿನ ಬಳಿ ಒಂದು ಕರಿಹಲಗೆ. ಟ್ಯಾಂಕು ತೊಳೆಯುವ ದಿನ, ಪೂಜೆಯ ಚಂದಾ, ಯಾರದೋ ಶ್ರಾದ್ಧ, ಎಲ್ಲವೂ ಅದರ ಮೇಲೆಯೇ. ಈ ಚಳಿಗಾಲದಿಂದ ಅದರ ಬಲಮೂಲೆ ಸುಗಂಧಿಯದು. ಬ್ಯಾಂಕಿನಲ್ಲಿರುವ ಗಂಡ ಸಂದೀಪನಿಗೆ ವರ್ಗವಾಗಿ ಉಡುಪಿಯಿಂದ ಬಂದವಳು. ಬಂದ ಮೊದಲ ಡಿಸೆಂಬರಿನಲ್ಲೇ ಆರು ವರ್ಷದ ಮಗಳು ಅಶ್ವಿತಾಗೆ ಉಬ್ಬಸ ಹಿಡಿಯಿತು. ಮಗುವಿನ ಎದೆಯೊಳಗೆ ಸಿಳ್ಳೆ ಕೇಳುತ್ತಿದ್ದರೆ ತಾಯಿಗೆ ಅನ್ನ ಇಳಿಯುವುದು ಹೇಗೆ?

ಫೋನಿನಲ್ಲಿ ಸಿಗುವ ಗಾಳಿಯ ಮಾಲಿನ್ಯದ ಲೆಕ್ಕ ಊರಿನ ಇನ್ನೊಂದು ಮೂಲೆಯದು. ಅದಕ್ಕೇ ಅವಳು ಗಾಳಿ ಅಳೆಯುವ ಪುಟ್ಟ ಯಂತ್ರವೊಂದನ್ನು ತರಿಸಿ ಬಾಲ್ಕನಿಗೆ ತೂಗುಹಾಕಿದಳು. ಅಜ್ಜಿಯರೂ ಓದಲೆಂದು ಬಂಗಾಳಿ ಅಂಕಿಗಳನ್ನು ಕಲಿತಳು. ದಿನಾ ಬೆಳಿಗ್ಗೆ ಹಲಗೆಯ ಮೇಲೆ ಆ ದಿನದ ಅಂಕಿ, ಅದರ ಕೆಳಗೆ, ಇನ್ನೂರು ದಾಟಿದರೆ ಮಕ್ಕಳನ್ನು ಓಡಿಸಬೇಡಿ ಎಂಬ ಒಂದು ಸಾಲು.

"ಎಂತ ಮಾರಾಯ್ತಿ, ಬಂಗುಡೆ ರೇಟು ಬರೆದ ಹಾಗೆ ಗಾಳಿಯ ರೇಟು ಬರಿತಿಯಲ್ಲ," ಎಂದು ಸಂದೀಪ ನಗಾಡಿದ.

"ನಗಾಡಿ ನೀವು. ಬೆಳಿಗ್ಗೆ ಬೆಳಿಗ್ಗೆ ಮಕ್ಕಳ ಓಟದ ಪ್ರಾಕ್ಟೀಸು ಇಟ್ಟಿದ್ದಾರಲ್ಲ, ಅದೊಂದು ನಿಂತರೆ ಸಾಕು ನಂಗೆ."

ಜನ ಓದತೊಡಗಿದರು. ಮಂಕಿ ಟೋಪಿಯ ಮುದುಕರು ನಿಂತು ಕನ್ನಡಕ ಏರಿಸಿ ನೋಡುವಾಗ ಅವಳ ಜೀವ ಸ್ವಲ್ಪ ಹಗುರಾಗುತ್ತಿತ್ತು. ಮುನ್ನೂರ ಹತ್ತು ಬಂದ ದಿನ ಪ್ರಾಕ್ಟೀಸು ನಿಂತೂಬಿಟ್ಟಿತು. ಮರುದಿನ ಇನ್ನೂರ ಎಪ್ಪತ್ತು. ಕಮಿಟಿಯ ಕಾರ್ಯದರ್ಶಿ ಮೃಣಾಲ್ ಬಾಬು ಹಲಗೆ ನೋಡಿ ಅರಳಿದರು.

"ಆಜ್ ತೋ ಭಾಲೋ, ಬೌದಿ. ಇವತ್ತು ಚೆನ್ನಾಗಿದೆ ಅತ್ತಿಗೆ, ನಿನ್ನೆಗಿಂತ ಎಷ್ಟು ಕಡಿಮೆ ನೋಡಿ," ಎಂದು ಹಿಂದಿಯಲ್ಲಿ ಮುಂದುವರಿಸಿದರು. "ಮೊದಲು ಮಂಜು ಕಂಡರೆ ಸಾಕು, ಸುಮ್ಮನೆ ಹೆದರಿ ಮಕ್ಕಳನ್ನು ಒಳಗೇ ಕೂರಿಸುತ್ತಿದ್ದೆವು. ಈಗ ನಿಮ್ಮ ದಯೆಯಿಂದ ಧೈರ್ಯ ಬಂತು."

"ಇದೂ ವಿಷವೇ, ದಾದಾ."

"ನಿನ್ನೆಯದಕ್ಕಿಂತ ಕಡಿಮೆ ವಿಷ ತಾನೆ?"

ಅವರು ಸೀಟಿ ಊದಿದರು. ಮಕ್ಕಳು ಓಡಿದರು.

ಮರುದಿನ ಸುಗಂಧಿ ಅಂಕಿ ಬಿಟ್ಟು, ಮಕ್ಕಳನ್ನು ಓಡಿಸಬೇಡಿ ಎಂದಷ್ಟೇ ಬರೆದಳು. ಮಧ್ಯಾಹ್ನದೊಳಗೆ ಯಾರೋ ಪಕ್ಕದಲ್ಲಿ ದೊಡ್ಡ ಪ್ರಶ್ನೆಚಿಹ್ನೆ ಎಳೆದಿದ್ದರು. ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ, ಇವತ್ತು ಎಷ್ಟು, ಇವತ್ತು ಎಷ್ಟು ಎಂದರು. ಅಂಕಿ ಮತ್ತೆ ಹಲಗೆ ಸೇರಿತು. ಅದರ ಕೆಳಗಿನ ಸಾಲನ್ನು ಯಾರೂ ಓದಲಿಲ್ಲ.

ಅಶ್ವಿತಾ ಮಾತ್ರ ವಾರಗಟ್ಟಲೆ ಒಳಗೇ ಇದ್ದಳು, ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು. ಒಂದು ಬೆಳಿಗ್ಗೆ ಶೂ ಹಿಡಿದುಕೊಂಡೇ ಬಂದು, ಈಚೆಗೆ ಕಲಿತ ಹಿಂದಿಯಲ್ಲಿ ಕೇಳಿದಳು.

"ಮಮ್ಮಾ, ಆಜ್ ಕಿತ್ನಾ?"

"ಇನ್ನೂರ ಅರವತ್ತು."

"ಕಲ್ ಸೇ ಕಮ್ಮಿನಾ?"

ಸುಗಂಧಿ ಯಂತ್ರ ನೋಡಿದಳು, ಮಗಳ ಮುಖ ನೋಡಿದಳು. "ಹೌದು ಪುಟ್ಟಾ, ನಿನ್ನೆಗಿಂತ ಕಡಿಮೆ."

ಆಡಿದ ಮೇಲೆ ಅದು ಯಾರ ಮಾತೆಂದು ಹೊಳೆಯಿತು. ಅಷ್ಟರಲ್ಲಿ ಮಗು ಬಾಗಿಲು ದಾಟಿಯಾಗಿತ್ತು. ಇನ್ಹೇಲರನ್ನು ಸ್ವೆಟರಿನ ಜೇಬಿಗೆ ತುರುಕಿ, ಸೀಮೆಸುಣ್ಣ ಹಿಡಿದು, ಅವಳೂ ಹಿಂದೆಯೇ ಇಳಿದಳು. ಮೈದಾನದ ಕಡೆಯಿಂದ ಸೀಟಿ ಕೇಳಿಸಿತು.